ಬಿಸಿಲು ಹಿಡಿದು ಕೂತ ಅರ್ಧ ತಾಸು

ವಿಜಯವಾಡ, ಭವಾನಿಪುರಂ

ಡಿಸೆಂಬರಿನ ಕೊನೆಯ ವಾರದಲ್ಲಿ ಸ್ವೆಟರ್ ಹಾಕಿಕೊಂಡು ವಿಜಯವಾಡ ನಿಲ್ದಾಣದಲ್ಲಿ ಇಳಿದವಳು ನಾನೊಬ್ಬಳೇ ಇರಬೇಕು. ಹಿಂದಿನ ಸಂಜೆ ಧಾರವಾಡದಲ್ಲಿ ಕಿವಿಗೆ ಮಫ್ಲರ್ ಸುತ್ತಿಕೊಂಡು ಹೊರಟಿದ್ದೆ. ಇಲ್ಲಿ ಬೆಳಗಿನ ಹತ್ತು ಗಂಟೆಗೆ ಆಟೋದವನು ಬೆನ್ನಿಗೆ ಅಂಟಿದ ಅಂಗಿಯನ್ನು ಎರಡು ಬೆರಳಿನಿಂದ ಬಿಡಿಸಿಕೊಳ್ಳುತ್ತ, ನನ್ನ ಸ್ವೆಟರನ್ನು ಕನಿಕರದಿಂದ ನೋಡಿದ. ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡು ಓದುತ್ತ ಹೋದೆ. ತೆಲುಗು ಅಕ್ಷರ ನಮ್ಮದರ ಹಾಗೇ ಇರುವುದರಿಂದ ಎಲ್ಲವನ್ನೂ ಓದಬಹುದು, ಆದರೆ ಒಂದೂ ಅರ್ಥವಾಗುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಈ ಊರಿಗೆ ಬಂದು ಹೋಗುತ್ತಿದ್ದರೂ ನಾನು ಅಷ್ಟಕ್ಕಿಂತ ಮುಂದೆ ಹೋಗಿರಲಿಲ್ಲ.

ಬಂದದ್ದು ಶಾರದಕ್ಕನ ಮನೆಗೆ. ಅಕ್ಕ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿ ವರ್ಗವಾಗಿ ವಿಜಯವಾಡಕ್ಕೆ ಬಂದವಳು, ಇಲ್ಲಿಯವರನ್ನೇ ಮದುವೆಯಾಗಿ ಉಳಿದುಬಿಟ್ಟಳು. ಭಾವನ ಹೆಸರು ಕೋಟೇಶ್ವರರಾವ್. ಆಟೋನಗರದಲ್ಲಿ ಅವರದೊಂದು ಲೇತ್ ವರ್ಕ್‌ಶಾಪ್ ಇದೆ. ಲಾರಿಗಳ ಎಂಜಿನ್ ಭಾಗಗಳನ್ನು ತಿದ್ದಿ ಕೊಡುವ ಕೆಲಸ. ನಮ್ಮ ಮನೆಯವರಿಗೆ ಈ ಮದುವೆ ಇಷ್ಟವಿರಲಿಲ್ಲ. ಆಗ ನನಗಂತೂ ಬಿಲ್ಕುಲ್ ಇಷ್ಟವಿರಲಿಲ್ಲ.

ಈ ಸಲ ಬಂದ ಕಾರಣ ಬೇರೆ. ನಾನು ಧಾರವಾಡದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಲವತ್ತು ದಾಟಿದ ಮೇಲೆ ಬೆಟ್ಟ ಹತ್ತುವ ಹುಚ್ಚು ಹಿಡಿಯಿತು. ಅದರ ಹಿಂದೆಯೇ ಇನ್ನೊಂದು ಹುಚ್ಚು ಬಂತು: ಕಾಡಿನಲ್ಲಿ ಮೊಬೈಲನ್ನು ಬರೀ ಬಿಸಿಲಿನಿಂದ ಚಾರ್ಜ್ ಮಾಡುವುದು. ಪುಸ್ತಕದಂತೆ ಮಡಚುವ ಸೋಲಾರ್ ಪ್ಯಾನಲ್ ಒಂದನ್ನು ಕೊಂಡಿದ್ದೆ. ಅದನ್ನು ಬೆನ್ನಿನ ಚೀಲಕ್ಕೆ ಕಟ್ಟಿ ನಡೆದರೆ ಸೂರ್ಯನೇ ಹಿಂದೆ ಹಿಂದೆ ಬಂದು ಫೋನಿಗೆ ಹಾಲು ಕುಡಿಸುತ್ತಾನೆ ಎಂದು ಸ್ಟಾಫ್ ರೂಮಿನಲ್ಲಿ ಭಾಷಣ ಮಾಡಿದ್ದೆ. ದಾಂಡೇಲಿ ಕಡೆಯ ದಟ್ಟ ಮರಗಳ ಕೆಳಗೆ ಅದು ನಡೆಯಲಿಲ್ಲ. ಹುಲ್ಲಿನ ಬೋಳು ಬೆಟ್ಟ ಬೇಕಿತ್ತು. ವಿಶಾಖಪಟ್ಟಣದ ಆಚೆ ಅಂಥವು ಇವೆಯೆಂದು ಅಕ್ಕ ಹೇಳಿದ್ದಳು. ಇಬ್ಬರೂ ಮೂರು ದಿನ ನಡೆಯೋಣವೆಂದು ಮಾತಾಗಿತ್ತು.

ಬಾಗಿಲು ತೆರೆದ ಅಕ್ಕ ಗೋಡೆ ಹಿಡಿದುಕೊಂಡು ನಿಂತಿದ್ದಳು. ಮೊಣಕಾಲು ಬಾತು ಕುಂಬಳಕಾಯಿಯಾಗಿತ್ತು.

"ನಿನ್ನೆ ಮೆಟ್ಟಲದಾಗ ಜಾರಿದೆ ನೋಡವ್ವ. ಹೇಳಿದ್ರ ನೀ ಬರೋದ ಬಿಡ್ತಿ ಅಂತ ಹೇಳ್ಲಿಲ್ಲ. ನಿಮ್ಮ ಭಾವ ಬರ್ತಾರ ನಿನ್ನ ಕೂಡ. ಎಲ್ಲಾ ಮಾತಾಡೇನಿ."

ಊಟಕ್ಕೆ ಕೂತಿದ್ದೆವು. ಭಾವ ಗೊಂಗೂರ ಪಚ್ಚಡಿ, ಅಂದರೆ ಪುಂಡಿ ಸೊಪ್ಪಿನ ಚಟ್ನಿ ಬಡಿಸಿ, ಅದು ಖಾರವಾದೀತೆಂದು ನನ್ನ ಅನ್ನಕ್ಕೆ ತುಪ್ಪ ಹಾಕುತ್ತಿದ್ದರು. ಅವರು ಹಾಕುತ್ತಿರುವಾಗಲೇ ನಾನು ಅಕ್ಕನಿಗೆ ಹೇಳಿದೆ:

"ಈ ಮನಷ್ಯಾನ ಕೂಡ ಮೂರು ದಿನ ಹೆಂಗ ಕಳೀಲಿ ನಾ? ಮಾತಿಲ್ಲ, ಕತಿಯಿಲ್ಲ. ಗ್ವಾಡಿ ಕರಕೊಂಡು ಹ್ವಾದಂಗ."

ಅಕ್ಕ ತಟ್ಟೆ ನೋಡುತ್ತ, "ಹಂಗನ್ನಬ್ಯಾಡ," ಎಂದಳು. ಭಾವ ಇನ್ನೊಂದು ಚಮಚ ತುಪ್ಪ ಹಾಕಿ, "ಚಾಲಾ, ಟೀಚರ್‌ಗಾರು?" ಎಂದರು. ಸಾಕೇ ಎಂದು ಕೇಳುವುದು ಅದು. ಅವರಿಗೂ ನನಗೂ ನಡುವೆ ಇದ್ದದ್ದು ಇಂಥ ಹತ್ತಿಪ್ಪತ್ತು ತೆಲುಗು ಶಬ್ದ, ಒಂದಿಷ್ಟು ಹರಕು ಇಂಗ್ಲಿಷ್, ಮತ್ತು ಕೈ ಸನ್ನೆ. ಮಗಳು ಮದ್ರಾಸಿನಲ್ಲಿ ಓದುತ್ತಿದ್ದಳು. ಅವಳೂ ನನ್ನನ್ನು 'ಪಿನ್ನಿ' ಎನ್ನುವವಳೇ, ಚಿಕ್ಕಮ್ಮ ಎನ್ನುವುದು ನಾಲಿಗೆಗೆ ಬರುತ್ತಿರಲಿಲ್ಲ. ಆ ಮನೆಯಲ್ಲಿ ಕನ್ನಡ ಉಳಿದದ್ದು ಅಕ್ಕ ಮತ್ತು ನಾನು ದಿನಾ ಸಂಜೆ ಫೋನಿನಲ್ಲಿ ಆಡುವ ಮುಕ್ಕಾಲು ತಾಸಿನ ಮಾತಿನಲ್ಲಿ ಮಾತ್ರ. ಅದರಲ್ಲಿ ಭಾವನ ವಿಷಯ ಬರದ ದಿನ ಕಡಿಮೆ.

ವಿಶಾಖಪಟ್ಟಣದ ಕಡಲತೀರ

ಮರುದಿನ ರೈಲಿನಲ್ಲಿ ವಿಶಾಖಪಟ್ಟಣ ಮುಟ್ಟಿ, ಸಂಜೆಗೆ ಮುನ್ನ ಕಡಲ ಕಡೆ ಹೋದೆವು. ಅರಬ್ಬಿ ಸಮುದ್ರ ನೋಡಿ ರೂಢಿಯಾದ ಕಣ್ಣಿಗೆ ಇಲ್ಲೊಂದು ಗಲಿಬಿಲಿ. ಸೂರ್ಯ ನೀರಿನಲ್ಲಿ ಮುಳುಗುವುದಿಲ್ಲ, ಬೆನ್ನ ಹಿಂದಿನ ಊರಿನಲ್ಲಿ ಮುಳುಗುತ್ತಾನೆ. ಕಾರವಾರದಲ್ಲಿ ಎಲ್ಲರೂ ಸಂಜೆ ಕಡಲಿಗೆ ಮುಖ ಮಾಡಿ ಸೂರ್ಯನಿಗಾಗಿ ಕಾಯುತ್ತಾರೆ. ಇಲ್ಲಿಯ ಜನ ಸೂರ್ಯನ ಗೊಡವೆಯೇ ಇಲ್ಲದೆ, ಹುರಿದ ಮೆಕ್ಕೆಜೋಳ ತಿನ್ನುತ್ತ, ದಡದ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು.

ನಾನು ನನ್ನ ಪ್ರದರ್ಶನ ಶುರುಮಾಡಿದೆ. ಚೀಲಕ್ಕೆ ಪ್ಯಾನಲ್ ಕಟ್ಟಿ, ವೈರನ್ನು ನೇರವಾಗಿ ಫೋನಿಗೆ ಸಿಕ್ಕಿಸಿ, ಫೋನನ್ನು ಪ್ಯಾನಲ್ಲಿನ ಹಿಂದಿನ ಜೇಬಿಗೆ ತುರುಕಿ, ಮರಳಲ್ಲಿ ಅತ್ತಿಂದಿತ್ತ ನಡೆದೆ. ಮೆಕ್ಕೆಜೋಳ ಸುಡುವ ಹೆಂಗಸು ಬೀಸಣಿಗೆ ನಿಲ್ಲಿಸಿ ನೋಡಿದಳು. ಹತ್ತು ನಿಮಿಷದ ನಂತರ ತೆಗೆದು ನೋಡಿದರೆ ಚಾರ್ಜ್ ಏರುವುದಿರಲಿ, ಒಂದು ಅಂಕಿ ಇಳಿದಿತ್ತು.

ಭಾವ ಹತ್ತಿರ ಬಂದರು. ಚೀಲದ ಪಟ್ಟಿಯೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಆ ಪಟ್ಟಿಯ ತೆಳು ನೆರಳು ಪ್ಯಾನಲ್ಲಿನ ಒಂದು ಚೌಕದ ಮೇಲೆ ಬೀಳುತ್ತಿತ್ತು.

"ಒನ್ ಸೆಲ್ ಶೇಡ್, ಆಲ್ ಡೌನ್," ಎಂದರು. "ಸೀರೀಸ್."

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಸೆಲ್‌ಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಜೋಡಿಸಿದಾಗ ಒಂದು ಕಟ್ಟಿಕೊಂಡರೆ ಎಲ್ಲದರ ಹರಿವೂ ಕುಗ್ಗುತ್ತದೆ ಎಂಬುದನ್ನು ನಾನು ಇಪ್ಪತ್ತಮೂರು ವರ್ಷದಿಂದ ಒಂಬತ್ತನೆಯ ತರಗತಿಗೆ ಕಲಿಸಿದ್ದೇನೆ. ಅದನ್ನು ನನಗೆ ಲೇತ್ ಮಷೀನಿನವರು ಹೇಳಬೇಕಾಯಿತು. ಅವರು ಅಷ್ಟಕ್ಕೇ ಬಿಡಲಿಲ್ಲ. ಫೋನು ಮುಟ್ಟಿ, "ಹಾಟ್," ಎಂದರು. ಕಿಸೆಯಿಂದ ತಮ್ಮ ಪವರ್ ಬ್ಯಾಂಕ್ ತೆಗೆದು, ಮೊದಲು ಬಿಸಿಲಿನಿಂದ ಇದಕ್ಕೆ ತುಂಬು, ಆಮೇಲೆ ನೆರಳಲ್ಲಿ ಕೂತು ಇದರಿಂದ ಫೋನಿಗೆ ಎಂದು ಕೈಯಲ್ಲೇ ತೋರಿಸಿದರು.

"ನೋ, ನೋ. ಡೈರೆಕ್ಟ್," ಎಂದೆ ನಾನು. ಆಮೇಲೆ ಕಡಲಿನ ಕಡೆ ತಿರುಗಿ, "ದೊಡ್ಡ ಶಾಣ್ಯಾ ಬಂದಾನ," ಎಂದು ಕನ್ನಡದಲ್ಲಿ ಗೊಣಗಿದೆ. ಭಾವ ಪವರ್ ಬ್ಯಾಂಕನ್ನು ಕಿಸೆಗೆ ಹಾಕಿಕೊಂಡು ಮೆಕ್ಕೆಜೋಳ ತರಲು ಹೋದರು. ಮರುದಿನ ಬೆಳಿಗ್ಗೆ ನಾನು ಬೇಡವೆಂದ ಆ ಡಬ್ಬಿಯನ್ನು ಅವರು ಲಾಡ್ಜಿನಲ್ಲೇ ಬಿಟ್ಟರು.

ಬೆಟ್ಟ, ಮೊದಲ ದಿನ

ಅನಕಾಪಲ್ಲಿ ದಾಟಿ, ಮಾಡುಗುಲದ ಆಚೆ ರಸ್ತೆ ಮುಗಿಯುವಲ್ಲಿ ಜೀಪು ನಮ್ಮನ್ನು ಇಳಿಸಿತು. ಅಲ್ಲಿ ಕಾಯುತ್ತಿದ್ದವಳು ನಮಗೆ ದಾರಿ ತೋರಿಸಬೇಕಾದ ಸನ್ಯಾಸಮ್ಮ. ಐವತ್ತರ ಆಸುಪಾಸಿನ, ಮೂರು ಮಕ್ಕಳ ತಾಯಿ. ಅರಿಶಿನ ಬೆಳೆಯುತ್ತಾಳೆ. ಹೆಸರು ಕೇಳಿ ನನಗೆ ನಗು ಬಂತು. ಆ ಸೀಮೆಯಲ್ಲಿ ಅದು ನಮ್ಮ ಬಸವ್ವನಷ್ಟೇ ಮಾಮೂಲು ಹೆಸರಂತೆ. ಅವಳು ಬರಿಗಾಲಲ್ಲಿ ಮುಂದೆ ಹೊರಟರೆ, ಮೂರು ಪದರದ ಅಡಿಯ ಬೂಟು ಹಾಕಿದ ನಾನು ಹಿಂದೆ ಏದುಸಿರು ಬಿಡುತ್ತ ಹೋಗಬೇಕು.

ಅವಳ ತೆಲುಗು ಭಾವನಿಗೇ ಅರ್ಧ ತಿಳಿಯುತ್ತಿರಲಿಲ್ಲ. ಧಾರವಾಡದ ಸಂತೆಯಲ್ಲಿ ಮೈಸೂರಿನವರು ನಿಂತಾಗ ಮಾಡುವ ಮುಖವನ್ನೇ ಅವರು ಮಾಡುತ್ತಿದ್ದರು. ಅದನ್ನು ನೋಡಿ ನನಗೆ ಒಳಗೊಳಗೇ ಖುಷಿ.

ಅವಳ ಹಾಡಿಯಲ್ಲಿ ಹದಿನಾಲ್ಕು ಮನೆ. ವಿದ್ಯುತ್ ಕಂಬಗಳಿದ್ದವು, ತಂತಿಯೂ ಇತ್ತು, ಕರೆಂಟು ಮಾತ್ರ ಮಳೆಗಾಲದಿಂದ ಇರಲಿಲ್ಲ. ನಾನು ಗೆದ್ದೆನೆಂಬಂತೆ ಅಂಗಳದಲ್ಲಿ ಪ್ಯಾನಲ್ ಬಿಡಿಸಿದೆ. ಸನ್ಯಾಸಮ್ಮ ಅದರ ಮೇಲೆ ಅರಿಶಿನ ಒಣಗಿಸಬಹುದೇ ಎಂದು ಕೇಳಿದಳು. ಸಂಜೆಯ ಬಿಸಿಲು ಗುಡ್ಡದ ಹಿಂದೆ ಬೇಗ ಸರಿಯಿತು. ಅಲ್ಲಿ ಮೊಬೈಲ್ ಸಿಗ್ನಲ್ಲೂ ಇರಲಿಲ್ಲ. ಊರ ಮೇಲಿನ ಒಂದು ಬಂಡೆ ಏರಿದರೆ ಮಾತ್ರ ಎರಡು ಗೀಟು ಬರುತ್ತಿದ್ದವು. ನಾನು ಅಲ್ಲಿಂದ ಅಕ್ಕನಿಗೆ ಫೋನ್ ಮಾಡಿದೆ. ಭಾವ ನಾಲ್ಕು ಮಾರು ದೂರದಲ್ಲಿ ಕೂತು ಷೂವಿನೊಳಗಿನ ಕಲ್ಲು ತೆಗೆಯುತ್ತಿದ್ದರು.

"ಏನಂತಾರ ನಮ್ಮನಿಯವ್ರು?" ಅಕ್ಕ ಕೇಳಿದಳು.

"ಏನಂತಾನ. ಬರೇ ಅಂಜಿಕಿ. ಅಲ್ಲಿ ಹೋಗಬ್ಯಾಡ, ಇಲ್ಲಿ ಕೂಡಬ್ಯಾಡ. ನಿನ್ನಂಥಾಕಿ ಇಂಥವನ ಕೂಡ ಹೆಂಗ ಇಷ್ಟ ವರ್ಷ ತಗದಿ ಅಂತ ಇವತ್ತಿಗೂ ನನಗ ತಿಳಿವಲ್ತು."

ಆಚೆ ಕಡೆ ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಸಿಗ್ನಲ್ ಹೋಯಿತೆಂದು ನಾನು ಫೋನ್ ಇಟ್ಟೆ.

ಬೆಟ್ಟ, ಎರಡನೆಯ ದಿನ

ಆ ಬೆಟ್ಟಗಳ ಬೆಳಗಿನ ಬಗ್ಗೆ ಬರೆಯಬೇಕೆಂದು ಟಿಪ್ಪಣಿ ಮಾಡಿಕೊಂಡಿದ್ದೆ. ಕಣಿವೆಯಲ್ಲಿ ಮಂಜು ಹಾಲಿನ ಕೆನೆಯಂತೆ ನಿಂತಿದ್ದು, ಹಳದಿ ಹುಚ್ಚೆಳ್ಳಿನ ಹೊಲ, ಇಂಥವು. ಈಗ ಆ ಟಿಪ್ಪಣಿ ನೋಡಿದರೆ ಬೇರೆ ಯಾರದೋ ಅನಿಸುತ್ತದೆ.

ಮಧ್ಯಾಹ್ನದ ಹೊತ್ತಿಗೆ ಫೋನಿನ ಚಾರ್ಜ್ ಒಂಬತ್ತಕ್ಕೆ ಇಳಿದಿತ್ತು. ಸಿಗ್ನಲ್ ಇಲ್ಲದಲ್ಲಿ ಅದು ಸಿಗ್ನಲ್ ಹುಡುಕಿ ಹುಡುಕಿ ತನ್ನನ್ನೇ ತಿಂದುಕೊಳ್ಳುತ್ತದೆ, ಆ ಹುಡುಕಾಟ ನಿಲ್ಲಿಸಿಡಬೇಕು ಎಂಬುದು ನನಗೆ ಹೊಳೆದಿರಲಿಲ್ಲ. ಬೆಟ್ಟ ಸುತ್ತಿ ಹಾಡಿಯ ಹತ್ತಿರಕ್ಕೇ ಮರಳುವ ದಾರಿ ಮರಗಳ ಕೆಳಗೇ ಹಾಯುತ್ತಿತ್ತು. ಕೊನೆಗೆ ಒಂದು ಕಡಿದಾದ ಬಂಡೆಗೋಡೆಯ ಬುಡದಲ್ಲಿ ಅಗಲವಾದ ಹಾಸುಗಲ್ಲು ಸಿಕ್ಕಿತು. ಮೇಲೆ ಮೋಡವಿಲ್ಲದ ಆಕಾಶ, ಎದುರಿಗೆ ಸೂರ್ಯ. ನಾನು ಚೀಲ ಇಳಿಸಿದೆ.

ಸನ್ಯಾಸಮ್ಮ ಕೈ ಬೀಸಿ ಏನೋ ಹೇಳಿದಳು. ಭಾವ ನನ್ನ ಹತ್ತಿರ ಬಂದು, "ನಾಟ್ ಹಿಯರ್, ಟೀಚರ್‌ಗಾರು. ಬೀಸ್. ಅಪ್," ಎಂದು ಬಂಡೆಯ ಮೇಲೆ ತೋರಿಸಿದರು. ತಲೆ ಎತ್ತಿ ನೋಡಿದರೆ ಬಹಳ ಎತ್ತರದಲ್ಲಿ, ಬಂಡೆಯ ಹುಬ್ಬಿನ ಕೆಳಗೆ, ಕರಿ ಹಲಗೆಗಳಂತೆ ಏಳೆಂಟು ಜೇನುಹುಟ್ಟಿ ತೂಗುತ್ತಿದ್ದವು. ಹೆಜ್ಜೇನು.

"ಟೂ ಹೈ. ಟೆನ್ ಮಿನಿಟ್ಸ್," ಎಂದೆ. ಅವರು ಮತ್ತೆ, "ಪ್ಲೀಸ್," ಎಂದರು. "ಅಂಜುಬುರುಕಾ," ಎಂದು ನನ್ನ ಭಾಷೆಯಲ್ಲಿ ನಾನು ಹೇಳಿಕೊಂಡು, ಪ್ಯಾನಲ್ ಬಿಡಿಸಿ, ಫೋನ್ ಸಿಕ್ಕಿಸಿ, ಪಕ್ಕದಲ್ಲಿ ಕಾಲು ಚಾಚಿ ಕೂತೆ.

ಹತ್ತು ನಿಮಿಷ ಆಗಿರಲಿಕ್ಕಿಲ್ಲ. ಒಂದು ಗಿಡುಗ ಬಂಡೆಯ ಹುಬ್ಬಿಗೆ ಎರಗಿದ್ದನ್ನು ನೋಡಿದೆ. ಜೇನು ಕಸಿಯುವ ಗಿಡುಗವದು ಎಂದು ಸನ್ಯಾಸಮ್ಮ ಆಮೇಲೆ ಹೇಳಿದಳು. ಮೊದಲು ಬಂದದ್ದು ಸದ್ದು. ಲಾರಿಯೊಂದು ಆಕಾಶದಲ್ಲಿ ಸ್ಟಾರ್ಟ್ ಆದ ಹಾಗೆ. ಆಮೇಲೆ ಬೆಳಕು ಕಂದಿತು. ಕುತ್ತಿಗೆಗೆ ಕಾದ ಸೂಜಿ ಚುಚ್ಚಿತು, ಕಿವಿಗೊಂದು, ರೆಪ್ಪೆಗೊಂದು.

ನಾನು ಎದ್ದು ಓಡಿದೆ. ಏನು ಹಿಡಿದುಕೊಂಡು ಓಡಿದೆ ಗೊತ್ತೇ? ಪ್ಯಾನಲ್ಲು, ಅದಕ್ಕೆ ತೂಗುತ್ತಿದ್ದ ಫೋನು. ಕೂಸನ್ನು ಅವಚಿದ ಹಾಗೆ ಎದೆಗೆ ಅವಚಿಕೊಂಡಿದ್ದೆ. ಪಕ್ಕದಲ್ಲಿ ಮನುಷ್ಯನೊಬ್ಬ ಇದ್ದಾನೆಂಬುದು ಮನಸ್ಸಿಗೆ ಬರಲಿಲ್ಲ. ಹಿಂದಿನಿಂದ ಯಾರೋ ನನ್ನ ತಲೆ, ಮುಖ, ಕುತ್ತಿಗೆ ಎಲ್ಲಕ್ಕೂ ದಪ್ಪ ಬಟ್ಟೆಯೊಂದನ್ನು ಸುತ್ತಿ, ಹೆಗಲು ಹಿಡಿದು ಇಳಿಜಾರಿಗೆ ನೂಕಿದರು. ಕಣ್ಣು ಕಾಣದೆ ಉರುಳುತ್ತ ತೆವಳುತ್ತ ಹಳ್ಳದ ನೀರಿಗೆ ಬಿದ್ದೆ.

ಬಟ್ಟೆ ಸರಿಸಿದಾಗ ನೋಡಿದೆ. ಅದು ಭಾವ ಹೊದ್ದಿದ್ದ ಶಾಲು. ಅವರು ಅರ್ಧ ತೋಳಿನ ಅಂಗಿಯಲ್ಲಿ, ನೀರಿನಲ್ಲಿ ಮಂಡಿಯೂರಿ, ಮುಖ ಮುಳುಗಿಸಿ ಎತ್ತಿ ಮಾಡುತ್ತಿದ್ದರು. ಅವರ ಬೋಳು ತಲೆಯ ಮೇಲೆ ಹುಳಗಳು ಇನ್ನೂ ಅಂಟಿಕೊಂಡಿದ್ದವು.

ಹಳ್ಳದ ದಂಡೆ

ನನಗೆ ಏಳು ಕಡೆ ಕಚ್ಚಿತ್ತು. ಭಾವನದನ್ನು ಎಣಿಸುವುದು ಆಗಲಿಲ್ಲ. ಸನ್ಯಾಸಮ್ಮ ಕುಡುಗೋಲಿನ ಬೆನ್ನಿನಿಂದ ಮುಳ್ಳುಗಳನ್ನು ಹೆರೆದು ಹೆರೆದು ತೆಗೆದಳು. ಅಷ್ಟರಲ್ಲಿ ಅವರ ತುಟಿ ದಪ್ಪಗಾಗಿ, ಕಣ್ಣು ಮುಚ್ಚಿಹೋಗಿ, ಉಸಿರಾಟ ಸೀಟಿ ಹೊಡೆಯತೊಡಗಿತು. ಎರಡು ಸಲ ವಾಂತಿಯಾಯಿತು. ಅವರ ಫೋನು ಅಂಗಿಯ ಕಿಸೆಯಲ್ಲಿ ನೀರು ಕುಡಿದು ಸತ್ತಿತ್ತು. ನನ್ನದು ನೀರು ತಡೆಯುವಂಥದ್ದು, ಕೆಟ್ಟಿರಲಿಲ್ಲ, ಆದರೆ ಚಾರ್ಜ್ ಮುಗಿದು ಬಂದಾಗಿತ್ತು. ಗುಂಡಿ ಒತ್ತಿದರೆ ಖಾಲಿ ಬ್ಯಾಟರಿಯ ಕೆಂಪು ಚಿತ್ರ ತೋರಿಸಿ ಕತ್ತಲಾಗುತ್ತಿತ್ತು.

ಸನ್ಯಾಸಮ್ಮ ನನ್ನ ಎರಡೂ ಭುಜ ಹಿಡಿದು, ಒಂದೊಂದೇ ಶಬ್ದವಾಗಿ, ಕೈ ಸನ್ನೆಯ ಜೊತೆ ಹೇಳಿದಳು. ಅವಳು ಹಾಡಿಗೆ ಓಡಿ ಗಂಡಸರನ್ನು, ಡೋಲಿಯನ್ನು ತರುತ್ತಾಳೆ. ಬೊಂಬಿಗೆ ಕಂಬಳಿ ಕಟ್ಟಿ ಮಾಡುವ ಡೋಲಿ. ರಸ್ತೆಯವರೆಗೆ ಹೊತ್ತು ಒಯ್ಯಬಹುದು. ಆದರೆ ರಸ್ತೆಯಲ್ಲಿ ಗಾಡಿ ಇರುವುದಿಲ್ಲ. ಗಾಡಿ ಬರಬೇಕಾದರೆ ಫೋನ್, ಹಾಡಿಯ ಫೋನುಗಳೆಲ್ಲ ಕರೆಂಟಿಲ್ಲದೆ ಬಂದಾಗಿವೆ. ಅವಳು ನನ್ನ ಕೈಯಲ್ಲಿದ್ದ ಪ್ಯಾನಲ್ ಮುಟ್ಟಿ, ಸೂರ್ಯನನ್ನು ತೋರಿಸಿ, ಓಡಿದಳು.

ಉಳಿದದ್ದು ನಾವಿಬ್ಬರೇ.

ಭಾವನನ್ನು ನೆರಳಿಗೆ ಎಳೆದು, ಬೆನ್ನ ಹಿಂದೆ ಅವರ ಚೀಲ ಇಟ್ಟು ಎತ್ತರಿಸಿ ಕೂರಿಸಿದೆ. ನಾನು ಅವರ ಕಾಲ ಬಳಿ ಬಿಸಿಲಿದ್ದ ಒಂದು ತುಣುಕಿನಲ್ಲಿ ಕೂತೆ. ಆಗ ಮಾತ್ರ ನಾನು ಕಲಿಸಿದ್ದೆಲ್ಲ ನೆನಪಾಯಿತು. ಒಂದು ಕಡ್ಡಿಯನ್ನು ಪ್ಯಾನಲ್ಲಿನ ಮೇಲೆ ನೆಟ್ಟಗೆ ಹಿಡಿದು, ಅದರ ನೆರಳು ಪೂರ್ತಿ ಮಾಯವಾಗುವವರೆಗೆ ಪ್ಯಾನಲ್ಲನ್ನು ಓರೆ ಮಾಡಿದೆ. ಹಾಗಾದರೆ ಅದು ಸೂರ್ಯನಿಗೆ ನೇರ ಮುಖ ಮಾಡಿದೆ ಎಂದರ್ಥ. ಫೋನನ್ನು ಪ್ಯಾನಲ್ಲಿನ ಹಿಂದೆ, ತಣ್ಣಗಿನ ಕಲ್ಲಿನ ಮೇಲೆ ಇಟ್ಟೆ. ಎರಡೂ ತೋಳು ಚಾಚಿ ಹಿಡಿದುಕೊಂಡೆ. ಮೂರು ಗಂಟೆಯ ಚಳಿಗಾಲದ ಬಿಸಿಲು. ಎಷ್ಟು ಹೊತ್ತು ಬೇಕಾದೀತೋ ಗೊತ್ತಿರಲಿಲ್ಲ.

ಬಾಯಿ ತಾನಾಗಿಯೇ ಮಾತಾಡತೊಡಗಿತು.

"ಅಕ್ಕಗ ಏನಂತ ಹೇಳ್ಲಿ ನಾ. ಏನಂತ ಹೇಳ್ಲಿ. ಬ್ಯಾಡ ಅಂದ್ರು, ಕೇಳ್ಲಿಲ್ಲ ನಾ. ಇವರಿಗೆ ಏನರ ಆದ್ರ ಆ ಮನಿ ಹೊಸ್ತಲಾ ಹೆಂಗ ತುಳೀಲಿ..."

"ನೆರಳು ಬೀಳ್ಲಿಕ್ಕತ್ತದ. ಕೈ ಸರಸ್ರಿ."

ನಾನು ಹಿಂದೆ ನೋಡಿದೆ. ಯಾರೂ ಇರಲಿಲ್ಲ. ಕಾಡಿನಲ್ಲಿ ಧಾರವಾಡದವರು ಯಾರು ಬಂದರು ಎಂದು ಒಂದು ಕ್ಷಣ ನಿಜವಾಗಿ ಹುಡುಕಿದೆ. ಆಮೇಲೆ ಭಾವನ ಕಡೆ ತಿರುಗಿದೆ. ಬಾತ ಕಣ್ಣಿನ ಸಂದಿಯಿಂದ ಅವರು ಪ್ಯಾನಲ್ಲನ್ನೇ ನೋಡುತ್ತಿದ್ದರು.

"ಭಾವಾ... ನೀವು... ಕನ್ನಡ..."

"ಮೊದಲ ಕೈ ಸರಸ್ರಿ," ಎಂದರು. ನನ್ನ ಹೆಬ್ಬೆರಳಿನ ನೆರಳು ಮೂಲೆಯ ಚೌಕದ ಮೇಲೆ ಬಿದ್ದಿತ್ತು. ಸರಿಸಿದೆ.

ನಾನು ಅಂದದ್ದೆಲ್ಲ ಸಾಲಾಗಿ ನೆನಪಾಯಿತು. ತುಪ್ಪ ಬಡಿಸುವಾಗ ಅಂದದ್ದು, ಕಡಲತೀರದಲ್ಲಿ ಅಂದದ್ದು, ಬಂಡೆಯ ಮೇಲೆ, ಹಾಸುಗಲ್ಲಿನ ಮೇಲೆ. ಅದು ನಾಲ್ಕು ದಿನದ್ದು. ಇಪ್ಪತ್ತೆರಡು ವರ್ಷದ್ದು ಎಷ್ಟು? ಅವರ ಮನೆಯ ಸೋಫಾದ ಮೇಲೆ ಕೂತು, ಅವರು ತಂದ ಹಣ್ಣು ತಿನ್ನುತ್ತ, ಅವರೆದುರಿಗೇ ಆಡಿದ್ದು.

"ಯಾವಾಗಿಂದ ಬರ್ತದ ನಿಮಗ?"

ಅವರು ಒಂದೊಂದು ವಾಕ್ಯಕ್ಕೂ ನಿಂತು ಉಸಿರು ಎಳೆದುಕೊಂಡು ಹೇಳಿದರು. "ಮದುವಿಕಿಂತ ಮೊದಲಿಂದ. ಶಾರದಾನ ಬ್ಯಾಂಕಿನಾಗ ಧಾರವಾಡದ ಕ್ಯಾಶಿಯರ್ ಒಬ್ಬರಿದ್ರು. ನಾಕು ತಿಂಗಳ ಹೇಳಿಸಿಕೊಂಡೆ. ನಿಮ್ಮ ಅಪ್ಪಾರ ಕೂಡ ಮಾತಾಡಬೇಕಂತ. 'ಬರ್ರಿ, ಪ್ರಯಾಣ ಆರಾಮ ಆತೇನ್ರಿ?' ಅದನ್ನ ಸ್ಟೇಷನ್ನಿಗೆ ಬರೂತನಾ ಅನಕೋತ ಬಂದೆ."

"ನೀವು ಅನ್ನಲಿಲ್ಲ."

"ರೈಲಿಂದ ಇಳಕೋತನ ನೀವು ಅಪ್ಪಾರಿಗೆ ಅಂದ್ರಿ. 'ಇಂವಾ? ಅಕ್ಕನ ತಲಿ ಕೆಟ್ಟದ.' ಆಮ್ಯಾಲ ಆ ಮಾತು ಹೊರಗ ಬರಲಿಲ್ಲ."

ನಾನು ಅಳಲೂ ಆಗುತ್ತಿರಲಿಲ್ಲ. ಅತ್ತರೆ ಮೈ ಅಲುಗುತ್ತದೆ, ಮೈ ಅಲುಗಿದರೆ ಪ್ಯಾನಲ್ ಅಲುಗುತ್ತದೆ. ಹಲ್ಲು ಕಚ್ಚಿ ಹಿಡಿದು ಕೂತೆ. ಕಣ್ಣೀರು ಹೆಜ್ಜೇನು ಕಚ್ಚಿದ ರೆಪ್ಪೆಯ ಮೇಲೆ ಹರಿದು ಉರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ.

"ಮಾತಾಡಬ್ಯಾಡ್ರಿ ಭಾವಾ. ಉಸುರು ಹಿಡದ ಇಟಗೋರಿ," ಎಂದೆ. ಅವರ ಮೇಲಿನ ಕಾಳಜಿಯಿಂದ ನಾನು ಕನ್ನಡದಲ್ಲಿ ಹೇಳಿದ ಮೊದಲ ಮಾತು ಅದು. ಕನ್ನಡದಲ್ಲಿ ಅವರನ್ನು 'ನೀವು' ಎಂದದ್ದೂ ಆ ದಿನವೇ ಮೊದಲು.

ಸೂರ್ಯ ಸರಿದಂತೆ ನಾನೂ ಕೂತಲ್ಲೇ ಸರಿಯುತ್ತ ಹೋದೆ. ಅರ್ಧ ತಾಸಿನ ಹೊತ್ತಿಗೆ ಕಲ್ಲಿನ ಮೇಲಿನ ಫೋನು ಗುಂಯ್ ಎಂದಿತು. ಆರು. ನೂರಕ್ಕೆ ಆರು. ಅಷ್ಟರಲ್ಲಿ ಸನ್ಯಾಸಮ್ಮ ನಾಲ್ಕು ಜನ ಗಂಡಸರ ಜೊತೆ ಬಂದಳು. ನಾನೂ ಅವಳೂ ಸಿಗ್ನಲ್ ಬಂಡೆಗೆ ಓಡಿದೆವು. ನೂರಾ ಎಂಟಕ್ಕೆ ಕರೆ ಹೋಯಿತು. ನನಗೆ ಆ ಜಾಗದ ಹೆಸರೂ ಗೊತ್ತಿರಲಿಲ್ಲ. ಸನ್ಯಾಸಮ್ಮ ಫೋನ್ ಕಸಿದುಕೊಂಡು, ಯಾವ ಊರು, ಯಾವ ಹುಣಸೆಮರ, ಯಾವ ತಿರುವು, ಎಲ್ಲವನ್ನೂ ಜಗಳವಾಡಿದಂತೆ ಹೇಳಿದಳು. ಅವಳು ಕೈ ಇಳಿಸುವಾಗ ಫೋನು ಆರಿತು.

ಅನಕಾಪಲ್ಲಿ

ರಸ್ತೆಯ ಕೊನೆಗೆ ಡೋಲಿ ಇಳಿದಾಗ ಆಂಬುಲೆನ್ಸ್ ಹುಣಸೆಮರದ ಕೆಳಗೆ ನಿಂತಿತ್ತು. ಒಳಗೆ ಹತ್ತಿಸಿ ಸೂಜಿ ಚುಚ್ಚಿ ಆಮ್ಲಜನಕ ಕೊಟ್ಟರು. ಅನಕಾಪಲ್ಲಿಯ ಆಸ್ಪತ್ರೆಯ ವೈದ್ಯರು, "ಇನ್ನೊಂದು ಗಂಟೆ ತಡವಾಗಿದ್ದರೆ," ಎಂದು ಶುರುಮಾಡಿ ನನ್ನ ಮುಖ ನೋಡಿ ನಿಲ್ಲಿಸಿದರು.

ಆ ಊರು ಬೆಲ್ಲದ್ದು. ವಾರ್ಡಿನ ಕಿಟಕಿಯಿಂದ ಬೆಲ್ಲದ ವಾಸನೆ ಬರುತ್ತಿತ್ತು. ಪಕ್ಕದ ಹಾಸಿಗೆಯವರು ನಮ್ಮ ಪರಿಚಯವೂ ಇಲ್ಲದೆ ಒಂದು ಅಚ್ಚು ಬೆಲ್ಲ ತಂದು, "ತೀಸ್ಕೋಂಡಿ," ಎಂದು ಮಂಚದ ಮೇಲಿಟ್ಟು ಹೋದರು. ನಮ್ಮಲ್ಲಾದರೆ ಮೊದಲು ಯಾವೂರು, ಯಾರ ಪೈಕಿ ಎಂದು ಕೇಳಿ ಆಮೇಲೆ ಕೊಡುತ್ತಾರೆ.

ಮರುದಿನ ಭಾವ ಕಣ್ಣು ಬಿಟ್ಟರು. ನರ್ಸಿಗೆ ತೆಲುಗಿನಲ್ಲಿ ನೀರು ಕೇಳಿದರು. ನನ್ನ ಕಡೆ ತಿರುಗಿ, "ಟೀಚರ್‌ಗಾರು, ಟಿಫಿನ್?" ಎಂದರು, ಹಿಂದಿನ ದಿನ ಏನೂ ನಡೆದೇ ಇಲ್ಲವೆಂಬಂತೆ. ನಾನು ಕನಸು ಕಂಡೆನೇ ಎಂದು ಗಾಬರಿಯಾಯಿತು. ಕನ್ನಡದಲ್ಲಿ ಮಾತು ತೆಗೆಯಲು ನನಗೆ ಧೈರ್ಯವಾಗಲಿಲ್ಲ. ಕುಂಟುತ್ತ ಬಂದ ಅಕ್ಕನಿಗೆ ಹೆಜ್ಜೇನಿನ ವಿಷಯ ಪೂರ್ತಿ ಹೇಳಿದೆ, ತಪ್ಪು ನನ್ನದೆಂದೂ ಹೇಳಿದೆ. ಇನ್ನೊಂದನ್ನು ಹೇಳಲಿಲ್ಲ.

ಮತ್ತೆ ಭವಾನಿಪುರಂ

ಹೊರಡುವ ಹಿಂದಿನ ದಿನ ಅಡಿಗೆಮನೆಯಲ್ಲಿ ಅಕ್ಕ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಭಾವ ವರಾಂಡದಲ್ಲಿ ಪೇಪರ್ ಓದುತ್ತಿದ್ದರು. ನಾನು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದೆ.

"ಅಕ್ಕಾ, ಭಾವಗ ಕನ್ನಡ ಬರ್ತದ."

ಅಕ್ಕನ ಬೆರಳು ನಿಲ್ಲಲಿಲ್ಲ. "ಹೂಂ."

"ಹೂಂ ಅಂದ್ರ? ನಿನಗ ಗೊತ್ತಿತ್ತ?"

"ಗಂಡನ ಜೋಡಿ ಇಪ್ಪತ್ತೆರಡು ವರ್ಷ ಮನಿ ಮಾಡೇನಿ ಗಿರಿಜಾ. ಗೊತ್ತಿರಲ್ದ ಏನ?"

ನಾನು ನೆಲದ ಮೇಲೆ ಕೂತುಬಿಟ್ಟೆ. "ಮತ್ತ ನಾ ಅಷ್ಟೆಲ್ಲಾ ಅನ್ನುವಾಗ ಬಾಯಿ ಯಾಕ ಮುಚ್ಚಲಿಲ್ಲ ನನ್ನ?"

"ಹೇಳ್ತೇನಂದೆ. ಹತ್ತು ಸಲ ಹೇಳ್ತೇನಂದೆ. ಅವರ ಬ್ಯಾಡಂದ್ರು." ಅಕ್ಕ ಈಗ ಸೊಪ್ಪು ಕೆಳಗಿಟ್ಟಳು. "'ನನಗ ತಿಳೀತದಂತ ಗೊತ್ತಾದ್ರ ಆಕಿ ಮನಸ ಬಿಚ್ಚಿ ಮಾತಾಡೂದಿಲ್ಲ. ಫೋನ್ ಮಾಡೂದ ಕಡಿಮಿ ಮಾಡ್ತಾಳ. ಈ ಮನ್ಯಾಗ ನಿನ್ನ ಕನ್ನಡಾ ಕೇಳಾಕಿ ಆಕಿ ಒಬ್ಬಾಕಿ ಇದ್ದಾಳ, ಅದನ್ನ್ಯಾಕ ಕಳಕೋತಿ' ಅಂದ್ರು. ನೀ ಬೈಯ್ಯೂದನ್ನ ಕೇಳಿ ರಾತ್ರಿ ಒಂದೊಂದ ಸಲ ನಗ್ತಿದ್ರು. ಒಂದೊಂದ ಸಲ ನಗ್ತಿರಲಿಲ್ಲ."

ನಾನು ಎದ್ದು ವರಾಂಡಕ್ಕೆ ಹೋದೆ. ಭಾವ ಪೇಪರ್ ಇಳಿಸಿದರು. ಮುಖದ ಬಾವು ಇಳಿದು ಅಲ್ಲಲ್ಲಿ ಕಪ್ಪು ಚುಕ್ಕೆ ಉಳಿದಿದ್ದವು.

"ಭಾವಾ, ನನ್ನ ತಪ್ಪಾತು," ಎಂದೆ. "ಆ ಕಲ್ಲಿನ ಮ್ಯಾಲ ಕೂತದ್ದಷ್ಟ ಅಲ್ಲ. ಎಲ್ಲಾನೂ."

ಅವರು ನಿಧಾನವಾಗಿ, ಪೂರ್ತಿ ತೆಲುಗಿನಲ್ಲಿ, ಎರಡು ವಾಕ್ಯ ಹೇಳಿ, ಕನ್ನಡಕ ಮಡಚಿ ಆಟೋನಗರಕ್ಕೆ ಹೊರಟುಬಿಟ್ಟರು. ಬಾಗಿಲ ಹಿಂದೆ ನಿಂತಿದ್ದ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಕಣ್ಣಲ್ಲಿ ನೀರೂ ಇತ್ತು.

"ಏನಂದ್ರು?"

"ನಾ ಹೇಳೂದಿಲ್ಲ. ಇಪ್ಪತ್ತೆರಡು ವರ್ಷ ಅವರು ತಿಳಕೊಂಡ್ರು. ಇನ್ನ ನೀ ತಿಳಕೋ."

ಹುಬ್ಬಳ್ಳಿ ರೈಲು

ನೆನಪಿದ್ದಷ್ಟನ್ನು ಟಿಕೆಟಿನ ಹಿಂದೆ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದೆ. ಗುಂಟೂರಿನಲ್ಲಿ ಹತ್ತಿದ ಒಬ್ಬ ತಾಯಿ ಎದುರಿನ ಸೀಟಿನಲ್ಲಿ ಕೂತರು. ಮಗಳ ಮನೆಗೆ ಹುಬ್ಬಳ್ಳಿಗೆ ಹೊರಟವರು, ಎರಡೂ ಭಾಷೆ ಬರುತ್ತಿತ್ತು. ನಾನು ಸಂಕೋಚದಿಂದ ಓದಿದೆ:

"ಇಕ ನುಂಚಿ ತಿಟ್ಟಾಲನುಕುಂಟೇ ನಾ ಮೊಹಂ ಚೂಸಿ ತಿಟ್ಟಂಡಿ. ನೇನೂ ತಿರಿಗಿ ತಿಡತಾನು."

ಅವರು ಗಟ್ಟಿಯಾಗಿ ನಕ್ಕರು. "ಯಾರಮ್ಮಾ ಹೀಗಂದದ್ದು? 'ಇನ್ನು ಮೇಲೆ ಬೈಬೇಕು ಅನಿಸಿದ್ರೆ ನನ್ನ ಮುಖ ನೋಡಿ ಬೈರಿ, ನಾನೂ ತಿರುಗಿ ಬೈತೀನಿ' ಅಂತ."

ರೈಲು ಮೆಣಸಿನಕಾಯಿ ಒಣಗಹಾಕಿದ ಕೆಂಪು ಬಯಲುಗಳ ನಡುವೆ ಹೋಗುತ್ತಿತ್ತು. ನಾನು ಫೋನ್ ತೆಗೆದು, ಅಕ್ಕನ ನಂಬರನ್ನು ದಾಟಿ, ಭಾವನ ನಂಬರ್ ಒತ್ತಿದೆ. ಇಷ್ಟು ವರ್ಷದಲ್ಲಿ ಅವರಿಗೆಂದೇ ಮಾಡಿದ ಮೊದಲ ಕರೆ. ಹಿಂದೆ ಲೇತಿನ ಗರಗರ ಕೇಳಿಸಿತು, ಆಮೇಲೆ ಅದನ್ನು ಯಾರೋ ನಿಲ್ಲಿಸಿದರು.

"ಹಾಂ, ಹೇಳ್ರಿ," ಎಂದರು ಭಾವ. "ಬೈರಿ."

ನನಗೆ ಒಂದು ಬೈಗುಳವೂ ನೆನಪಾಗಲಿಲ್ಲ.